ಊರ ಮುಂದಿನ ವೀರಗಲ್ಲು: ಓದುವುದು ಹೇಗೆ, ಉಳಿಸುವುದು ಹೇಗೆ?

ಪ್ರಶ್ನೆ: ನಮ್ಮೂರ ಕೆರೆ ಏರಿಯ ಮೇಲೆ ಮೂರು ಅಂಕಣದ ಕಲ್ಲೊಂದಿದೆ. ಹಿರಿಯರು ಈರಣ್ಣನ ಕಲ್ಲು ಅಂತಾರೆ, ಮೇಷ್ಟ್ರು ಯುದ್ಧಸ್ಮಾರಕ ಅಂತಾರೆ. ಯಾವುದು ಸರಿ?

ಎರಡೂ ಸರಿ. ಅದು ವೀರಗಲ್ಲು, ಊರಿಗಾಗಿ ಸತ್ತವನ ನೆನಪಿಗೆ ನೆಟ್ಟದ್ದು, ಆಮೇಲೆ ಪೂಜೆಗೊಂಡದ್ದು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ತೋಳು ಹಿಡಿದು ಒಯ್ಯುವ ಅಪ್ಸರೆಯರು, ಮೇಲೆ ಹೆಚ್ಚಾಗಿ ಲಿಂಗದ ಮುಂದೆ ಕೂತ ವೀರ, ನೆತ್ತಿಯಲ್ಲಿ ಸೂರ್ಯಚಂದ್ರ. ಕಾಳಗದ ಜೊತೆ ದನಗಳಿದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋಗುವ ದಾಳಿ, ಅದನ್ನು ಬಿಡಿಸಲು ನಡೆದ ಹೋರಾಟ. ಹುಲಿ, ಹಂದಿ ಇದ್ದರೆ ಬೇಟೆ. ಬಳೆ ತೊಟ್ಟು ಮೇಲೆತ್ತಿದ ಕೈಯೊಂದು ಪಕ್ಕದಲ್ಲಿದ್ದರೆ ಅದು ಮಾಸ್ತಿಗಲ್ಲೂ ಹೌದು, ಅಂದರೆ ಗಂಡನೊಂದಿಗೆ ಸಹಗಮನ ಮಾಡಿದವಳ ನೆನಪಿನ ಕಲ್ಲು. ಗಂಗರ ಕಾಲದ ಎಷ್ಟೋ ಕಲ್ಲುಗಳಲ್ಲಿ ಅಂಕಣಗಳೇ ಇಲ್ಲ. ಚಿತ್ರ ಒಂದೇ, ಅದರ ಸುತ್ತ ಅಕ್ಷರ.

ಪ್ರಶ್ನೆ: ಹಳ್ಳಿಯ ಒಂದು ಕಲ್ಲಿನಿಂದ ಇತಿಹಾಸಕ್ಕೆ ಏನು ಸಿಕ್ಕೀತು?

ಆತಕೂರಿನ ಕಲ್ಲನ್ನೇ ನೋಡಿ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಈ ಊರಿನಲ್ಲಿ ಸುಮಾರು 949-50ರಲ್ಲಿ ನೆಟ್ಟದ್ದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೆತ್ತಿರುವುದು ನಾಯಿ ಮತ್ತು ಹಂದಿಯ ಕಾದಾಟ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಕಾದಿ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮೆರೆದ ತನ್ನ ಸೇವಕ ಮಣಲೆರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಬೆಳತೂರಿನ ಗುಡ್ಡದಲ್ಲಿ ದೊಡ್ಡ ಹಂದಿಯ ಮೇಲೆರಗಿತು, ಎರಡೂ ಸತ್ತವು. ಕಾಳಿಗಾಗಿ ಕಲ್ಲು ನೆಡಿಸಿ ಭೂಮಿಯನ್ನೂ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಂಡರೆ ನಾಯಿಯ ಪಾಪ ಅವನಿಗೆ ಎಂದೂ ಬರೆಸಿದರು. ದೊಡ್ಡ ರಾಜರ ಯುದ್ಧಕ್ಕೆ ಇಷ್ಟು ಹತ್ತಿರದ ಸಾಕ್ಷಿ ಒಂದು ನಾಯಿಯ ಕಲ್ಲಿನಲ್ಲಿ ಉಳಿದಿದೆ!

ಬೆಂಗಳೂರಿನ ಬೇಗೂರಿನ ಕಲ್ಲೂ ಅಷ್ಟೇ ಮುಖ್ಯ. ಸುಮಾರು ಕ್ರಿ.ಶ. 890ರ ಆ ಶಾಸನದಲ್ಲಿ ‘ಬೆಂಗಳೂರ ಕಾಳಗ’ ಎಂಬ ಮಾತಿದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿ ಬೇಯಿಸಿದ ಕಾಳು ಕೊಟ್ಟಿದ್ದರಿಂದ ಬೆಂದಕಾಳೂರಾಯಿತು ಎಂಬ ಕಥೆ ಆ ಒಂದು ಸಾಲಿನ ಮುಂದೆ ನಿಲ್ಲುವುದಿಲ್ಲ. ಬಲ್ಲಾಳ ಬರುವ ಮುನ್ನೂರು ವರ್ಷ ಮೊದಲೇ ಹೆಸರು ಇತ್ತು.

ಪ್ರಶ್ನೆ: ಅಕ್ಷರ ಸವೆದಿವೆ. ಸೀಮೆಸುಣ್ಣ ಹಚ್ಚಿ ಓದಬಹುದೇ? ಎಣ್ಣೆ ಜಿಡ್ಡು ತೆಗೆಯಲು ಆಸಿಡ್?

ಎರಡೂ ಬೇಡ. ಸೀಮೆಸುಣ್ಣ ಹಚ್ಚುವವರು ತಮಗೆ ಕಂಡ ಗೆರೆಯನ್ನೇ ತುಂಬುತ್ತಾರೆ, ಮುಂದೆ ಓದುವವರಿಗೂ ಅದೇ ತಪ್ಪು ಕಾಣುತ್ತದೆ. ಮೈದಾ ಹಿಟ್ಟಾದರೆ ಇರುವೆ, ಬೂಷ್ಟು ಬರುತ್ತವೆ. ಕತ್ತಲಾದ ಮೇಲೆ ಹೋಗಿ. ಮೊಬೈಲನ್ನು ಕಲ್ಲಿಗೆ ನೇರ ಎದುರು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಟಾರ್ಚನ್ನು ಪಕ್ಕದಿಂದ, ಬೆಳಕು ಕಲ್ಲನ್ನು ಸವರಿ ಹೋಗುವಂತೆ ಹಿಡಿಯಿರಿ. ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ಕಡೆಯಿಂದ ಒಂದೊಂದು ಫೋಟೊ. ಒಂದರಲ್ಲಿ ಕಾಣದ ಒತ್ತಕ್ಷರ ಇನ್ನೊಂದರಲ್ಲಿ ಎದ್ದು ಬರುತ್ತದೆ. ಅಳತೆಗೆ ಒಂದು ಸ್ಕೇಲ್ ಪಕ್ಕದಲ್ಲಿರಲಿ. ಅಂಕಣಗಳ ನಡುವಿನ ಪಟ್ಟಿಗಳನ್ನು ಬಿಡದೆ ನೋಡಿ, ಬರಹ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಧೂಳು, ಮಣ್ಣಿಗೆ ಬರೀ ನೀರು, ಮೆದು ಬ್ರಷ್ಷು, ಸಂದಿಗೆ ಬಿದಿರಿನ ಕಡ್ಡಿ ಸಾಕು. ತಂತಿ ಬ್ರಷ್ಷು ಬಳಪದ ಕಲ್ಲನ್ನು ಗೀರುತ್ತದೆ. ಆಸಿಡ್ ತಾಗಿದರೆ ಕಲ್ಲಿನೊಳಗಿನ ಕಬ್ಬಿಣ ತುಕ್ಕಿನ ಕಲೆಯಾಗಿ ಹೊರಬರುತ್ತದೆ. ಹಳೆಯ ಜಿಡ್ಡನ್ನು ಕೆರೆಯಬೇಡಿ. ಹೊಸದು ಸೇರದಂತೆ ಎರಡು ಅಡಿ ಮುಂದೆ ಪೂಜೆಗೊಂದು ಚಪ್ಪಡಿ ಹಾಕಿ, ದೀಪ, ಎಣ್ಣೆ ಅಲ್ಲಿಗೆ. ಬಣ್ಣವಂತೂ ಬೇಡವೇ ಬೇಡ: ಅಕ್ಷರದ ಗೆರೆ ತುಂಬಿಹೋಗುತ್ತದೆ, ತೇವ ಒಳಗೇ ನಿಲ್ಲುತ್ತದೆ, ಬಣ್ಣ ಎದ್ದಾಗ ಕಲ್ಲಿನ ಹಕ್ಕಳೆಯೂ ಏಳುತ್ತದೆ.

ಪ್ರಶ್ನೆ: ರಸ್ತೆ ಅಗಲವಾಗುತ್ತಿದೆ. ಕಲ್ಲನ್ನು ದೇವಸ್ಥಾನದ ಅಂಗಳಕ್ಕೆ ತಂದು ಸಿಮೆಂಟ್ ಕಟ್ಟೆ ಕಟ್ಟೋಣವೇ?

ಕಲ್ಲು ನಿಂತ ಜಾಗವೂ ಸಾಕ್ಷಿಯೇ. ಊರಬಾಗಿಲು, ಗಡಿ, ಕಾಳಗದ ಬಯಲು ಎಲ್ಲಿತ್ತೆಂದು ಹೇಳುವುದು ಅದೇ. ಹಾಗಾಗಿ ಮೊದಲು ತಹಸೀಲ್ದಾರರಿಗೂ ಪುರಾತತ್ವ ಇಲಾಖೆಗೂ ಫೋಟೊ ಸಮೇತ ಬರೆದುಕೊಡಿ, ಒಪ್ಪಿಗೆಯಿಲ್ಲದೆ ಕೀಳಬೇಡಿ. ಆರಡಿ ಎತ್ತರ, ಮೂರಡಿ ಅಗಲ, ಎಂಟು ಇಂಚು ದಪ್ಪದ ಕಣಶಿಲೆ (ಗ್ರಾನೈಟ್) ಸುಮಾರು 900 ಕಿಲೊ ತೂಗುತ್ತದೆ. ಜೆಸಿಬಿಗೆ ಸರಪಳಿ ಕಟ್ಟಿ ಎತ್ತಿದರೆ ಸೂರ್ಯಚಂದ್ರರಿರುವ ನೆತ್ತಿಯೇ ಮೊದಲು ಮುರಿಯುವುದು. ಅಗಲ ಬೆಲ್ಟ್, ಅಂಚಿಗೆ ಗೋಣಿ ಬೇಕು.

ಎತ್ತುವ ಮುನ್ನ ಮುಖ ಯಾವ ದಿಕ್ಕಿಗಿತ್ತು, ಕೆರೆ ತೂಬಿನಿಂದ ಎಷ್ಟು ದೂರ, ಎಷ್ಟು ಹೂತಿತ್ತು ಎಂದು ಬರೆದಿಡಿ. ಹೊಸ ಜಾಗದಲ್ಲಿ ಗುಂಡಿಯ ತಳಕ್ಕೆ ಅರ್ಧ ಅಡಿ ಜಲ್ಲಿ ಹಾಕಿ, ಬುಡದ ಕೆತ್ತನೆಯಿಲ್ಲದ ಭಾಗವನ್ನಷ್ಟೇ ಹೂಳಿ, ಸುತ್ತ ಮರಳು, ಜಲ್ಲಿ ಬಡಿದು ನೀರು ಹೊರಹರಿಯುವ ಇಳಿಜಾರು ಕೊಡಿ. ಹಿಡಿತ ಬೇಕಾದರೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ. ಸಿಮೆಂಟ್ ಹಾಕಿದರೆ ಅದರ ಲವಣ ನೀರಿನೊಂದಿಗೆ ಕಲ್ಲಿಗೇರಿ ಮೇಲ್ಮೈ ಉದುರುತ್ತದೆ. ಕಟ್ಟೆ ಎತ್ತರಿಸಿದಲ್ಲೆಲ್ಲ ಮೊದಲು ಮುಚ್ಚಿಹೋಗಿರುವುದು ಕೆಳಗಿನ ಅಂಕಣ. ಆ ಮನುಷ್ಯ ಯಾಕೆ ಸತ್ತ ಎಂದು ಹೇಳುವುದು ಅದೊಂದೇ.