ಎಂಜಿಬಿಗೆ ಯಾವ ಬೇರಿಂಗ್?

ಪ್ರಶ್ನೆ: ನನ್ನದು 1965ರ ಎಂಜಿಬಿ, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. ಎಂಜಿನ್ನಿನ ಕ್ರ್ಯಾಂಕ್ ದಂಡವನ್ನು ಹೊರುವ ಮೇನ್ ಬೇರಿಂಗ್ ಸೆಟ್ ಎರಡು ಬಗೆಯಂತೆ, ಯಾವುದು ತರಿಸಲಿ? ಹಂಪ್ ಬಳಿ ಒಂದನೇ ಗೇರಿಗೆ ಹಾಕಿದರೆ ಕರಕರ ಎನ್ನುವುದೇಕೆ?

ಉತ್ತರ: ಆರ್‌ಸಿಯಲ್ಲಿರುವ ವರ್ಷವನ್ನು ನೆಚ್ಚಬೇಡಿ, ಎಂಜಿನ್ನೇ ಬದಲಾಗಿರಬಹುದು. ಎಂಜಿನ್ ಬ್ಲಾಕಿನ ಮೇಲಿನ ನಂಬರ್ ಪಟ್ಟಿಯ ಜಿಡ್ಡನ್ನು ಡೀಸೆಲ್ ಬಟ್ಟೆಯಿಂದ ಉಜ್ಜಿ ಓದಿ. 18ಜಿ ಅಥವಾ 18ಜಿಎ ಎಂದಿದ್ದರೆ ಮೂರು ಬೇರಿಂಗಿನದು. 18ಜಿಬಿ ಆದರೆ ಐದು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಕರಕರ ದೋಷವಲ್ಲ. 1967ರಲ್ಲಿ ಎಂಜಿಬಿಯ ಮುಂದಿನ ಆವೃತ್ತಿ ಮಾರ್ಕ್ 2 ಬರುವವರೆಗೆ ಒಂದನೇ ಗೇರಿಗೆ ಸಿಂಕ್ರೋಮೆಶ್ (ಗೇರ್ ಕೂಡುವ ಮುನ್ನ ವೇಗ ಸರಿಹೊಂದಿಸುವ ಏರ್ಪಾಟು) ಇರಲಿಲ್ಲ. ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ಒತ್ತಿಯೇ ಎರಡನೇ ಗೇರ್ ಮುಟ್ಟಿಸಿ ಒಂದಕ್ಕೆ ತನ್ನಿ. ಒಳಗೆ ಸುತ್ತುತ್ತಿದ್ದ ಹಲ್ಲುಗಳು ಅಷ್ಟರಲ್ಲಿ ನಿಂತಿರುತ್ತವೆ.

ಅಂದಹಾಗೆ, ನಿಮ್ಮ ಮಾಡೆಲ್‌ನಲ್ಲಿ ಬ್ಯಾಟರಿಯ ಪ್ಲಸ್ ತುದಿ ಕಾರಿನ ಲೋಹದ ಮೈಗೆ ಸೇರಿರುತ್ತದೆ. ನೋಡದೆ ಹೊಸ ಸ್ಟೀರಿಯೊ ಜೋಡಿಸಿದರೆ ಸುಟ್ಟೀತು.