ಪ್ರತಿಕ್ರಿಯೆ: ಅಮ್ಮನಿಗೆ ಹೊಡೆದ ಪಕ್ಕದ ಮನೆ ಹುಡುಗ ಕ್ಷಮೆ ಕೇಳುತ್ತೇನೆ ಅಂದರೆ ಒಪ್ಪಬೇಕಾ?

ಗಾಯ ಮಾಗಿದರೂ ನಿಮ್ಮಮ್ಮ ಬೀದಿ ನಲ್ಲಿಗೆ ಹೋಗಲು ಹೆದರುತ್ತಾರೆ ಅಂದಿರಿ. ಅದಕ್ಕೆ ಕಾರಣ ಬಹುಶಃ ಇದು: ಠಾಣೆಯಲ್ಲಿ, ಕೋರ್ಟಿನಲ್ಲಿ ಅವರನ್ನು ‘ಏನಾಯ್ತು’ ಅಂತ ಕೇಳಿದರೇ ಹೊರತು, ‘ನಿಮಗೇನು ಬೇಕು’ ಅಂತ ಯಾರೂ ಕೇಳಲಿಲ್ಲ. ರೆಸ್ಟೋರೇಟಿವ್ ಜಸ್ಟಿಸ್, ಅಂದರೆ ಶಿಕ್ಷೆಗಿಂತ ನೊಂದವರಿಗೆ ಆದ ಹಾನಿ ಸರಿಪಡಿಸಲು ನೋಡುವ ನ್ಯಾಯ, ಶುರುವಾಗುವುದೇ ಆ ಪ್ರಶ್ನೆಯಿಂದ.

ಮೊದಲು ಅಮ್ಮನೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಅವನ ಮುಖ ನೋಡಲು ಇಷ್ಟವಿಲ್ಲ ಅಂದರೆ ಅಲ್ಲಿಗೆ ಬಿಡಿ. ಇಷ್ಟವಿದ್ದರೂ ಅರಳಿಕಟ್ಟೆ ಪಂಚಾಯ್ತಿ ಬೇಡ. ಅಲ್ಲಿ ‘ಹೋಗ್ಲಿ ಬಿಡಮ್ಮ, ಪಕ್ಕದ ಮನೆಯವ್ರು’ ಅಂತ ಬಾಯಿ ಮುಚ್ಚಿಸುವುದೇ ಜಾಸ್ತಿ. ನಿಮ್ಮ ಮಾಲೂರು ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ, ಮಧ್ಯಸ್ಥಿಕೆಗೆ ಅರ್ಜಿ ಕೊಡಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಸಹಾಯವಾಣಿ 15100.

ಅವನನ್ನು ಭೇಟಿಯಾಗುವ ಮುಂಚೆ ಅಮ್ಮನ ಪ್ರಶ್ನೆಗಳನ್ನು ಬರೆದಿಡಿ. ಇಂಥದ್ದೇ ಕೇಸಿನಲ್ಲಿ ನಮ್ಮ ಚಿಕ್ಕಮ್ಮ ಡೇರಿ ಚೀಟಿಯ ಹಿಂದೆ ಎರಡೇ ಬರೆದಿದ್ದರು: ‘ನನ್ನನ್ನೇ ಯಾಕೆ? ಮತ್ತೆ ಹೊಡೀತೀಯಾ?’ ಹೊಡೆದವನ ಬಾಯಿಂದಲೇ ಉತ್ತರ ಕೇಳಿದ ಮೇಲೆ ಸ್ವಲ್ಪ ಹಗುರಾದರು. ನಿಮ್ಮಮ್ಮನಿಗೂ ಹಾಗೇ ಆಗುತ್ತೆ ಅಂತ ಹೇಳಲಾರೆ.

ರಾಜಿ ಪತ್ರಕ್ಕೆ ಮಾತ್ರ ಅವಸರ ಬೇಡ. ಸಾದಾ ಗಾಯದ ಕೇಸು ಬಿಎನ್‌ಎಸ್‌ಎಸ್ (ಕ್ರಿಮಿನಲ್ ಕೇಸು ನಡೆಸುವ ಕಾನೂನು) ಕಲಂ 359ರಲ್ಲಿ ರಾಜಿಯಾದರೆ ಅವನು ಖುಲಾಸೆಯಾದಂತೆಯೇ. ಆಸ್ಪತ್ರೆ ಖರ್ಚು ಕೈಗೆ ಬಂದು, ಇನ್ನು ತಂಟೆಗೆ ಬರಲ್ಲ ಅಂತ ಅವನು ಬರೆದುಕೊಟ್ಟ ಮೇಲೆ, ವಕೀಲರಿಗೆ ತೋರಿಸಿ ಸಹಿ ಹಾಕಿಸಿ.