ಅಂಚೆಪೆಟ್ಟಿಗೆಯ ಮೇಲಿನ ಹೆಸರು: ಟ್ಯೂಬಿಂಗನ್‌ಗೆ ಹೊರಟವರ ಪ್ರಶ್ನೆಗಳು

ಪ್ರಶ್ನೆ: ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಹದಿನೆಂಟು ತಿಂಗಳ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಕೆಲಸ ಸಿಕ್ಕಿದೆ. ಅಕ್ಟೋಬರ್ 1ಕ್ಕೆ ಸೇರಬೇಕು. ಹೋದ ಮೇಲೆ ಮೊದಲು ಏನು ಮಾಡಬೇಕು? ಬ್ಯಾಂಕ್ ಖಾತೆಯೇ, ಮನೆಯೇ? (ಧಾರವಾಡ)

ಮನೆ. ಅದೂ ಹೋದ ಮೇಲಲ್ಲ, ಈಗಲೇ. ಅಕ್ಟೋಬರಿನಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುತ್ತದೆ. ಊರು ಚಿಕ್ಕದು, ವಿದ್ಯಾರ್ಥಿಗಳು ಸಾವಿರಾರು, ಹಾಗಾಗಿ ಸೆಪ್ಟೆಂಬರಿನಲ್ಲಿ ರೂಮು ಹುಡುಕಲು ಹೊರಟವರು ಕೈಸುಟ್ಟುಕೊಳ್ಳುತ್ತಾರೆ. ವಿಮಾನದ ಟಿಕೆಟ್‌ಗಿಂತ ಮೊದಲು ವಿಭಾಗದ ಕಾರ್ಯದರ್ಶಿಗೆ ಬರೆದು ವಿಶ್ವವಿದ್ಯಾಲಯದ ಅತಿಥಿಗೃಹದಲ್ಲಿ ಜಾಗ ಉಂಟೇ ಎಂದು ಕೇಳಿ.

ವಿಳಾಸಕ್ಕೆ ಇಷ್ಟು ಮಹತ್ವ ಯಾಕೆಂದರೆ ಉಳಿದದ್ದೆಲ್ಲ ಅದಕ್ಕೇ ನೇತುಬಿದ್ದಿದೆ. ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ನಾಗರಿಕ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಇದೇ ಆನ್‌ಮೆಲ್ಡುಂಗ್. ಅದಕ್ಕೆ ಪಾಸ್‌ಪೋರ್ಟ್ ಜತೆ, 'ಇವರು ನಮ್ಮಲ್ಲಿ ವಾಸವಿದ್ದಾರೆ' ಎಂದು ಮನೆ ಕೊಟ್ಟವರು ಸಹಿ ಹಾಕಿದ ಫಾರ್ಮ್ ಬೇಕು. ಬಾಡಿಗೆ ಕರಾರುಪತ್ರ ತೋರಿಸಿದರೆ ಸಾಲದು. ತಿಂಗಳ ಲೆಕ್ಕದಲ್ಲಿ ರೂಮು ಕೊಡುವ ಕೆಲವರು ಈ ಸಹಿ ಹಾಕುವುದಿಲ್ಲ. ದುಡ್ಡು ಕಳಿಸುವ ಮೊದಲೇ 'ಆನ್‌ಮೆಲ್ಡುಂಗ್ ಮಾಡಿಕೊಡುತ್ತೀರಾ?' ಎಂದು ಬರಹದಲ್ಲಿ ಕೇಳಿ. ಉತ್ತರ ಜಾರಿಕೊಳ್ಳುವಂತಿದ್ದರೆ ಆ ರೂಮು ಬೇಡ.

ನೋಂದಣಿಯಾದ ಮೇಲೆ ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕಿನ ಕಾರ್ಡು ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ, ವಿಮೆಯ ಕಾರ್ಡು ಮತ್ತೊಂದರಲ್ಲಿ. ಎಲ್ಲವೂ ಅಂಚೆಯೇ. ನಮ್ಮವರು ಎಡವುವುದು ಇಲ್ಲಿ: ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ಕಾಗದ ಹಾಕುವುದಿಲ್ಲ, ವಾಪಸು ಕಳಿಸುತ್ತಾರೆ. ಅಲ್ಲಿ ಫ್ಲ್ಯಾಟ್ ನಂಬರಿನ ರೂಢಿ ಕಡಿಮೆ, ಹೆಸರೇ ವಿಳಾಸ. ಅದರಲ್ಲೂ ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರೇ ಇಲ್ಲ, ಇನಿಷಿಯಲ್ ಮಾತ್ರ. ಪಾಸ್‌ಪೋರ್ಟಿನಲ್ಲಿ ಬರೀ 'ಮಂಜುನಾಥ' ಎಂದಿದ್ದರೆ ಪೆಟ್ಟಿಗೆಯ ಮೇಲೂ ಕರೆಗಂಟೆಯ ಪಕ್ಕದಲ್ಲೂ 'ಮಂಜುನಾಥ' ಎಂದೇ ಇರಲಿ, 'ಮಂಜು' ಬೇಡ. ಸರ್‌ನೇಮ್ ಖಾನೆ ಖಾಲಿ ಇದ್ದವರು ವೀಸಾದಲ್ಲಿ ಹೆಸರನ್ನು ಯಾವ ಖಾನೆಗೆ ಹಾಕಿದ್ದಾರೆಂದು ನೋಡಿಕೊಂಡು, ನೋಂದಣಿ, ಬ್ಯಾಂಕ್, ವಿಮೆ ಮೂರರಲ್ಲೂ ಅದನ್ನೇ ಬರೆಸಿ. ಮೊದಲ ದಿನವೇ ಒಂದು ಚೀಟಿ ಬರೆದು ಪೆಟ್ಟಿಗೆಗೆ ಅಂಟಿಸಿಬಿಡಿ. ಚೆಂದದ ಫಲಕ ಆಮೇಲೆ ಹಾಕಿಸಿದರಾಯಿತು.

ಪ್ರಶ್ನೆ: ಬಾಡಿಗೆ ಜಾಹೀರಾತಿನಲ್ಲಿ 'ಕಾಲ್ಟ್', 'ವಾರ್ಮ್' ಎಂದು ಎರಡು ಮೊತ್ತ ಇರುತ್ತವೆ. ಏನು ವ್ಯತ್ಯಾಸ? ಅಡುಗೆ ಸಾಮಾನು ಊರಿಂದ ಏನು ಒಯ್ಯಬೇಕು? (ಪುತ್ತೂರು)

ಕಾಲ್ಟ್ ಎಂದರೆ ಬರಿಯ ಬಾಡಿಗೆ. ವಾರ್ಮ್‌ನಲ್ಲಿ ನೀರು, ಕಸ, ಸಾಮಾನ್ಯವಾಗಿ ಹೀಟಿಂಗೂ ಸೇರಿರುತ್ತದೆ. ವಿದ್ಯುತ್ತು, ಇಂಟರ್ನೆಟ್ ಹೆಚ್ಚಿನ ಕಡೆ ಬೇರೆ. ಮುಂಗಡ ಕಾಲ್ಟ್ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ. ಅದನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಪೀಠೋಪಕರಣ ಇಲ್ಲದ ಮನೆ ಎಂದರೆ ಕೆಲವೊಮ್ಮೆ ಅಡುಗೆಮನೆಯಲ್ಲಿ ಸಿಂಕ್ ಸಹ ಇರುವುದಿಲ್ಲ, ಗೋಡೆಯಿಂದ ನಲ್ಲಿಯ ಪೈಪು ಮಾತ್ರ ಹೊರಬಂದಿರುತ್ತದೆ. ಹದಿನೆಂಟು ತಿಂಗಳಿಗೆ ಅಂಥದ್ದು ಬೇಡ, 'ಮೊಬ್ಲೀರ್ಟ್' ಎಂದಿರುವುದನ್ನೇ ನೋಡಿ. ಕರಾರಿನಲ್ಲಿ ಕನಿಷ್ಠ ವಾಸದ ಅವಧಿ ಇದೆಯೇ ಎಂಬುದನ್ನೂ ಓದಿ. ಎರಡು ವರ್ಷ ಬಿಡುವಂತಿಲ್ಲ ಎಂದು ಬರೆದಿದ್ದರೆ ಸಿಕ್ಕಿಬೀಳುತ್ತೀರಿ.

ಈ ಸೀಮೆಯಲ್ಲಿ 'ಕೇರ್‌ವೋಖೆ' ಎಂಬ ಪದ್ಧತಿಯಿದೆ. ನಿಮ್ಮ ಬಾಗಿಲಿಗೆ ಒಂದು ಪುಟ್ಟ ಫಲಕ ನೇತುಹಾಕಿದರೆ, ಆ ವಾರ ಮೆಟ್ಟಿಲು, ಮುಂಬಾಗಿಲು ಗುಡಿಸಿ ಒರೆಸುವ ಪಾಳಿ ನಿಮ್ಮದು. ಮುಗಿದ ಮೇಲೆ ಫಲಕ ಪಕ್ಕದ ಮನೆಗೆ. ಕಸ ಅಷ್ಟಾಗಿ ಇರದಿದ್ದರೂ ಒರೆಸಿ, ನೆರೆಯವರು ನೋಡುವುದು ನೆಲವನ್ನಲ್ಲ.

ಸಾಮಾನಿನ ಮಾತು: ಒಲೆ ಗ್ಯಾಸಿನದಲ್ಲ, ಗಾಜಿನ ಹಲಗೆಯ ವಿದ್ಯುತ್ ಒಲೆ ಅಥವಾ ಇಂಡಕ್ಷನ್. ತಳ ದುಂಡಗಿನ ಬಾಣಲೆ ನಿಲ್ಲುವುದೇ ಇಲ್ಲ. ಮೂರು ಲೀಟರಿನ ಇಂಡಕ್ಷನ್ ತಳದ ಕುಕ್ಕರ್, ಅದಕ್ಕೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್ ಸಾಕು. ಮಿಕ್ಸಿ ನಡೆಯುತ್ತದೆ, ಅಲ್ಲಿಯೂ 230 ವೋಲ್ಟ್, 50 ಹರ್ಟ್ಸ್. ಆದರೆ ನಮ್ಮ ಮೂರು ಪಿನ್ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಅರ್ತಿಂಗ್ ಇರುವ ಅಡಾಪ್ಟರ್ ಬೇಕು. ತುಪ್ಪ ಒಯ್ಯಬೇಡಿ, ಹಾಲಿನ ಪದಾರ್ಥಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ತಡೆಯಿದೆ. ಹಸಿ ಕರಿಬೇವೂ ಬೇಡ, ಸಸ್ಯಾರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಒಗ್ಗರಣೆ ಹಾಕುವ ಮೊದಲು ಕಿಟಕಿ ತೆರೆಯಿರಿ, ಮಲಗುವ ಕೋಣೆಗಳಲ್ಲಿ ಹೊಗೆ ಅಲಾರಂ ಕಡ್ಡಾಯ. ಒಂದೇ ಕೋಣೆಯ ಮನೆಯಲ್ಲಿ ಅದು ಒಲೆಯ ಪಕ್ಕದಲ್ಲೇ ಇದ್ದಂತೆ.

ಪ್ರಶ್ನೆ: ಸಂಬಳದಲ್ಲಿ ಏನೇನು ಕಡಿತವಾಗುತ್ತದೆ? (ಬೆಂಗಳೂರು)

ಮೊದಲು ನಿಮ್ಮದು ಉದ್ಯೋಗದ ಕರಾರೋ, ಫೆಲೋಶಿಪ್ಪೋ ನೋಡಿ. ಫೆಲೋಶಿಪ್ ಆದರೆ ಆರೋಗ್ಯ ವಿಮೆ ನೀವೇ ಮಾಡಿಸಬೇಕು. ಕರಾರಾದರೆ ತೆರಿಗೆ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಸಂಬಳದಲ್ಲೇ ಹೋಗುತ್ತವೆ. ಪಿಂಚಣಿಗೆ ನಿಮ್ಮ ಪಾಲು 9.3 ಶೇಕಡಾ. ತೆರಿಗೆ ಸಂಖ್ಯೆ ತಲುಪದಿದ್ದರೆ ಆರನೇ ದರ್ಜೆಯಲ್ಲಿ, ಅಂದರೆ ಅತಿ ಹೆಚ್ಚು ದರದಲ್ಲಿ ಹಿಡಿಯಬಹುದು. ಸಂಖ್ಯೆ ಕೊಟ್ಟ ಮೇಲೆ ಸರಿಪಡಿಸುತ್ತಾರೆ, ಗಾಬರಿ ಬೇಡ.

ಗಡುವು ಮೀರಿದರೆ ಸಿಗದ್ದು ಒಂದಿದೆ. ಸರ್ಕಾರಿ ನೌಕರರ ಹೆಚ್ಚುವರಿ ಪಿಂಚಣಿ ನಿಧಿಯಾದ ವಿಬಿಎಲ್‌ಗೂ ನಿಮ್ಮನ್ನು ಸೇರಿಸುತ್ತಾರೆ. ಅದರ ಮುಖ್ಯ ಯೋಜನೆಯಲ್ಲಿ ಪಿಂಚಣಿ ಸಿಗಬೇಕಾದರೆ ಅರುವತ್ತು ತಿಂಗಳು ಕಂತು ಕಟ್ಟಿರಬೇಕು, ಹದಿನೆಂಟು ತಿಂಗಳ ಕರಾರು ಅದಕ್ಕೆ ಸಾಲದು. ಅಲ್ಪಾವಧಿ ಕರಾರಿನ ವಿಜ್ಞಾನಿಗಳು ಕೆಲಸ ಸೇರಿದ ಎರಡು ತಿಂಗಳೊಳಗೆ ಬರಹದಲ್ಲಿ ಅರ್ಜಿ ಕೊಟ್ಟರೆ ಅದರಿಂದ ವಿನಾಯಿತಿ ಸಿಗುತ್ತದೆ. ಸೇರಿದ ದಿನ ಸಹಿ ಹಾಕುವ ಕಾಗದದ ಕಂತೆಯಲ್ಲೇ ಈ ವಿಷಯವೂ ಇರುತ್ತದೆ, ಜರ್ಮನ್ ಭಾಷೆಯಲ್ಲಿ.

ಪ್ರಶ್ನೆ: ಮಗಳು ಅಲ್ಲಿದ್ದಾಳೆ. ಶನಿವಾರ, ಭಾನುವಾರ ರೂಮಿನಲ್ಲೇ ಕೂರುತ್ತಾಳೆ. ಹೆಚ್ಚು ಖರ್ಚಿಲ್ಲದೆ ಎಲ್ಲಿ ತಿರುಗಾಡಬಹುದು? (ದಾವಣಗೆರೆ)

ಡಾಯಿಚ್‌ಲಾಂಡ್ ಟಿಕೆಟ್ ಮಾಡಿಸಿಕೊಳ್ಳಲು ಹೇಳಿ. 2026ರ ಜನವರಿಯಿಂದ ತಿಂಗಳಿಗೆ 63 ಯೂರೊ. ದೇಶದ ಎಲ್ಲ ಊರಿನ ಬಸ್ಸು, ಟ್ರಾಂ, ಪ್ರಾದೇಶಿಕ ರೈಲಿಗೆ ನಡೆಯುತ್ತದೆ. ಐಸಿಇ, ಐಸಿ ವೇಗದ ರೈಲಿಗಿಲ್ಲ. ಟಿಕೆಟ್ ಜತೆ ಗುರುತಿನ ಚೀಟಿಯೂ ಬೇಕು.

ಮೊದಲ ಶನಿವಾರಕ್ಕೆ ಬೆಬೆನ್‌ಹೌಸನ್ ಸಾಕು: ಊರಿಂದ ಐದಾರು ಕಿಲೋಮೀಟರು, ಹನ್ನೆರಡನೇ ಶತಮಾನದ ಮಠ, ಸುತ್ತ ಕಾಡು. ಮುಂದಿನದು ಬಾಡ್ ಉರಾಖ್: ಮೆಟ್ಸಿಂಗನ್ ಮೂಲಕ ರೈಲಿನಲ್ಲಿ ಹೋಗಿ, ಜಲಪಾತದ ಹೆಸರಿನದೇ ಪುಟ್ಟ ನಿಲ್ದಾಣದಲ್ಲಿ ಇಳಿದು ನಡೆಯಬೇಕು. ನೀರು ಬೀಳುವುದು 37 ಮೀಟರು, ನಮ್ಮ ಜೋಗ ನೋಡಿದ ಕಣ್ಣಿಗೆ ತೊರೆ. ಆದರೆ ದಾರಿ ಚೆನ್ನ. ಉಲ್ಮ್‌ನ ಚರ್ಚಿನ ಗೋಪುರಕ್ಕೆ 768 ಮೆಟ್ಟಿಲು, ಬೆಳಗ್ಗೆಯೇ ಹತ್ತಿ ಮುಗಿಸಿದರೆ ಮಧ್ಯಾಹ್ನ ಬ್ಲೌಬೊಯ್ರನ್‌ನ ನೀಲಿ ಬುಗ್ಗೆ ನೋಡಿ ಬರಬಹುದು. ಕನ್ನಡದ ಋಣ ತೀರಿಸುವ ದಿನವೂ ಒಂದಿರಲಿ. 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಮೊಗ್ಲಿಂಗ್ 1881ರಲ್ಲಿ ತೀರಿಕೊಂಡ ಎಸ್ಲಿಂಗನ್, ಸ್ಟುಟ್‌ಗಾರ್ಟ್‌ಗೆ ಹೋಗುವ ದಾರಿಯಲ್ಲೇ ಇದೆ. 1894ರ ನಿಘಂಟಿನ ಕಿಟ್ಟೆಲ್ 1903ರಲ್ಲಿ ಕಣ್ಣುಮುಚ್ಚಿದ್ದು ಟ್ಯೂಬಿಂಗನ್‌ನಲ್ಲೇ.

ಕೆಡುವುದು ಎಲ್ಲಿ? ಕೆಲವು ಪ್ರಾದೇಶಿಕ ರೈಲುಗಳು ನಡುದಾರಿಯಲ್ಲಿ ಎರಡಾಗಿ ಒಡೆಯುತ್ತವೆ, ಮುಂದಿನ ಬೋಗಿಗಳು ಒಂದೂರಿಗೆ, ಹಿಂದಿನವು ಇನ್ನೊಂದೂರಿಗೆ. ಹತ್ತುವ ಮುಂಚೆ ಬೋಗಿಯ ಮೇಲಿನ ಊರಿನ ಹೆಸರು ಓದಬೇಕು. ಹಳಿ ದುರಸ್ತಿಯಿದ್ದರೆ ಬದಲಿ ಬಸ್ಸು ನಿಲ್ದಾಣದ ಹೊರಗೆಲ್ಲೋ ನಿಂತಿರುತ್ತದೆ, ಹಿಂದಿನ ರಾತ್ರಿಯೇ ಆಪ್ ನೋಡಿಕೊಳ್ಳಲಿ. ಭಾನುವಾರ ಅಂಗಡಿ ಮುಚ್ಚಿರುವುದರಿಂದ ಬುತ್ತಿ ಶನಿವಾರವೇ ಸಿದ್ಧವಿರಬೇಕು. ಸ್ಟೀಲ್ ಡಬ್ಬಿ, ಲೋಟ ಚೀಲದಲ್ಲಿರಲಿ: ಟ್ಯೂಬಿಂಗನ್‌ನಲ್ಲಿ 2022ರಿಂದ ಬಳಸಿ ಬಿಸಾಡುವ ಲೋಟ, ಡಬ್ಬಿಗಳ ಮೇಲೆ ತಲಾ 50 ಸೆಂಟ್ ತೆರಿಗೆಯಿದೆ. ನೀರಿನ ಪ್ಲಾಸ್ಟಿಕ್ ಬಾಟಲಿಯ 25 ಸೆಂಟ್ ಠೇವಣಿ ಮಾತ್ರ ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು ಬರುತ್ತದೆ, ಜಜ್ಜದೆ ಹಾಕಬೇಕು.

ಪ್ರಶ್ನೆ: ಕೆಲಸ ಮುಗಿಸಿ ಬರುವಾಗ? (ಹಾಸನ)

ಮನೆ ಬಿಡುವ ನೋಟಿಸ್ ಮೂರು ತಿಂಗಳ ಮುಂಚೆ, ಸಹಿ ಮಾಡಿದ ಕಾಗದದಲ್ಲಿ. ಇಮೇಲ್ ನಡೆಯುವುದಿಲ್ಲ. ಡಾಯಿಚ್‌ಲಾಂಡ್ ಟಿಕೆಟ್ ನಿಲ್ಲಿಸುವುದಾದರೆ ಕೊನೆಯ ತಿಂಗಳ 10ರೊಳಗೆ. ಹೊರಡುವ ಹಿಂದಿನ ವಾರ ನಾಗರಿಕ ಕಚೇರಿಯಲ್ಲಿ ಹೆಸರು ತೆಗೆಸಿ ರಸೀದಿ ಪಡೆಯಿರಿ. ಮನೆಗೊಂದರಂತೆ ತಿಂಗಳಿಗೆ 18.36 ಯೂರೊ ವಸೂಲು ಮಾಡುವ ರೇಡಿಯೊ-ಟಿವಿ ಶುಲ್ಕ ನಿಲ್ಲಿಸಲು ಅದನ್ನು ತೋರಿಸಬೇಕು. ಬ್ಯಾಂಕ್ ಖಾತೆಯನ್ನು ಮಾತ್ರ ಕೂಡಲೇ ಮುಚ್ಚಬೇಡಿ. ಹೀಟಿಂಗಿನ ಲೆಕ್ಕ ಮುಗಿಯುವ ತನಕ ಮನೆ ಕೊಟ್ಟವರು ಮುಂಗಡದ ಒಂದು ಪಾಲು ಇಟ್ಟುಕೊಳ್ಳಬಹುದು, ಅದು ಬಂದು ಬೀಳಬೇಕಾದದ್ದು ಆ ಖಾತೆಗೇ.